ಬತ್ತಿ ಹಿಡಿಯುವ ಕೈ

ಒಂದು ಮನೆಯಲ್ಲಿ ನರಳಾಟ ಶುರುವಾದರೆ ಇಡೀ ಕೇರಿ ದನಿ ತಗ್ಗಿಸುತ್ತದೆ. ವಲ್ದಿವಿನೊ ಮನೆಯ ಮುಂದೆ ಹನ್ನೊಂದು ದಿನದಿಂದ ಯಾರೂ ಗಟ್ಟಿಯಾಗಿ ಮಾತಾಡಿರಲಿಲ್ಲ. ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆ ಕೊಯ್ಯುವ ಕಾಲ ಅದು. ಎಲ್ಲರ ಅಂಗಳದಲ್ಲೂ ಬೀಸಣಿಗೆಯಂಥ ಎಲೆಗಳು ಒಣಗುತ್ತಿದ್ದವು, ಬಡಿದರೆ ಮೇಣದ ಹುಡಿ ಉದುರುತ್ತಿತ್ತು. ಅವನ ಅಂಗಳ ಮಾತ್ರ ಬರಿದಾಗಿತ್ತು.

ನಲವತ್ತು ವರ್ಷ ಉದ್ದನೆಯ ಕೋಲಿಗೆ ಕುಡುಗೋಲು ಕಟ್ಟಿ ಎಲೆ ಕೊಯ್ದ ಮನುಷ್ಯ ಈಗ ಎರಡು ಕಂಬಗಳ ನಡುವೆ ಕಟ್ಟಿದ ಜೋಲಿಯಲ್ಲಿ ಮುದುಡಿ ಬಿದ್ದಿದ್ದ. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ‘ಇದು ವಾಸಿಯಾಗುವುದಿಲ್ಲ. ಮನೆಗೆ ಕರೆದುಕೊಂಡು ಹೋಗಿ. ಕೊನೆಗಾಲದ ಆರೈಕೆ ನೋಡುವ ನಮ್ಮ ಹಾಸ್ಪೈಸ್ ನರ್ಸ್ ಮಂಗಳವಾರ ಮಂಗಳವಾರ ಮನೆಗೇ ಬರುತ್ತಾರೆ’ ಎಂದು ಪಟ್ಟಣದ ಡಾಕ್ಟರು ನೋವಿಳಿಸಲು ಒಂದು ಪುಟ್ಟ ಬಾಟಲಿ ಮಾರ್ಫಿನ್ ಕೊಟ್ಟು ಕಳಿಸಿದ್ದರು.

ಮಗಳು ಜುಲ್ಮೀರಾ ಆ ಬಾಟಲಿಯನ್ನು ಮರಗೆಣಸಿನ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಿದ್ದಳು.

ಅವಳಿಗೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆ ಊರಿನಲ್ಲಿ ಪ್ರಾಣ ಹೋಗುವ ಹೊತ್ತಿಗೆ ಕೈಯಲ್ಲಿ ಉರಿಯುವ ಮೇಣದ ಬತ್ತಿ ಇರಬೇಕು. ಇಲ್ಲದಿದ್ದರೆ ಜೀವ ಕತ್ತಲೆಯಲ್ಲಿ ದಾರಿ ತಡವುತ್ತದೆ. ಅವಳ ಅಮ್ಮ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗಲೇ ಕುಸಿದು ತೀರಿಹೋದವಳು. ಬತ್ತಿ ಹಿಡಿಸಲು ಯಾರೂ ಇರಲಿಲ್ಲ. ಮಾರನೇ ದಿನವೇ ಅಪ್ಪ ತನ್ನ ಕೈಯಾರೆ ಮೇಣ ಕಾಯಿಸಿ, ತನಗಾಗಿ ಒಂದು ಬತ್ತಿ ಮಾಡಿ, ಸಂತ ಜೋಸೆಫರ ಪಟದ ಹಿಂದಿಟ್ಟಿದ್ದ. “ನನಗೆ ಹಾಗಾಗೋದು ಬೇಡ ಮಗಳೇ. ನಾನೇ ಹಿಡ್ಕೋಬೇಕು.”

ಪಕ್ಕದ ಮನೆ ಫಿಲೊಮೆನಾ ಬಾಟಲಿ ನೋಡಿದ ದಿನವೇ ಎದೆ ಬಡಿದುಕೊಂಡಿದ್ದಳು. “ಅಯ್ಯೋ ತಾಯೀ, ಅದನ್ನ ಕೊಡಬೇಡ ಕಣೇ! ನಮ್ಮ ಚಿಕ್ಕಪ್ಪಂಗೆ ಕೊಟ್ರು, ಮೂರನೇ ದಿನಕ್ಕೆ ಹೆಣದ ಪೆಟ್ಟಿಗೆ. ನಿಮ್ಮಪ್ಪ ನಿದ್ದೇಲೇ ಹೋಗ್ಬಿಟ್ರೆ ಬತ್ತಿ ಯಾರು ಹಿಡೀತಾರೆ, ನೀನಾ?”

ಹಾಗಾಗಿ ನರ್ಸ್ ಲಿಂದಾಲ್ವಾ ಮೊದಲ ಮಂಗಳವಾರ ಬೈಕಿನಲ್ಲಿ ಬಂದು ಔಷಧದ ಬಗ್ಗೆ ಕೇಳಿದಾಗ, ಜುಲ್ಮೀರಾ ನೆಲ ನೋಡುತ್ತಾ, “ಕೊಡ್ತಾ ಇದೀನಿ” ಅಂದಳು.

ಎರಡನೇ ಮಂಗಳವಾರ ಬೆಳಿಗ್ಗೆ ಅಪ್ಪ ಒಂದೇ ಸಮನೆ ಚೀರಿದ. ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡವು. ಇದೇ ಕೊನೆ ಎಂದುಕೊಂಡ ಜುಲ್ಮೀರಾ ಪಟದ ಹಿಂದಿನ ಬತ್ತಿ ತೆಗೆದು ಹೊತ್ತಿಸಿ ಅವನ ಕೈಗಿಟ್ಟಳು. ನೋವಿನ ಅಲೆ ಎದ್ದಿತು, ಮುಷ್ಟಿ ಬಿಗಿಯಿತು. ಬತ್ತಿ ಲಟಕ್ಕನೆ ಎರಡು ತುಂಡಾಯಿತು.

ಅವನ ಜೀವ ಹೋಗಲಿಲ್ಲ. ನೋವೂ ಹೋಗಲಿಲ್ಲ.

ಲಿಂದಾಲ್ವಾ ಬಂದಾಗ ಮಗಳು ಆ ಎರಡು ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ನರ್ಸು ಪಕ್ಕದಲ್ಲೇ ಕೂತಳು. “ಬಾಟಲಿ ತಗೊಂಬಾ ತಂಗಿ” ಅಂದಳು.

ಹಿಟ್ಟು ಮೆತ್ತಿದ ಬಾಟಲಿಯ ಮುಚ್ಚಳ ತೆರೆದೇ ಇರಲಿಲ್ಲ.

“ಬೈರಿ ಅಕ್ಕಾ, ಬೈದುಬಿಡ್ರಿ.”

“ಬೈದ್ರೆ ಅಪ್ಪನ ನೋವು ಇಳಿಯುತ್ತಾ? ಹೇಳು, ಯಾವುದಕ್ಕೆ ಹೆದರಿದ್ದೆ?”

ಜುಲ್ಮೀರಾ ಹೇಳಿದಳು. ನರ್ಸು ನಗಲಿಲ್ಲ. “ನಮ್ಮವ್ವನ ಕೈಗೂ ನಾನೇ ಬತ್ತಿ ಹಿಡಿಸಿದ್ದು. ಇದು ಸಾಯಿಸೋ ಔಷಧ ಅಲ್ಲ ತಂಗಿ. ಸಾಯಿಸ್ತಾ ಇರೋದು ಕಾಯಿಲೆ. ಡಾಕ್ಟರು ಬರೆದಷ್ಟೇ ಹನಿ, ಹೇಳಿದ ಹೊತ್ತಿಗೆ ಸರಿಯಾಗಿ ಕೊಟ್ರೆ, ಇದು ನೋವಿನ ಹಿಡಿತ ಬಿಡಿಸುತ್ತೆ, ಅಷ್ಟೇ. ನೋವು ಹಿಡ್ಕೊಂಡಿರೋ ಕೈಗೆ ಬತ್ತಿ ಹಿಡಿಯೋಕಾಗುತ್ತಾ, ನೀನೇ ನೋಡಿದ್ಯಲ್ಲ.”

ಬಾಗಿಲಲ್ಲಿ ನಿಂತ ಫಿಲೊಮೆನಾ, “ಹಂಗಾದ್ರೆ ನಮ್ಮ ಚಿಕ್ಕಪ್ಪ?” ಅಂದಳು.

“ಅವರಿಗೆ ಯಾವಾಗ ಶುರು ಮಾಡಿದ್ರಿ, ದೊಡ್ಡಮ್ಮಾ?”

“...ಗೊರಗೊರ ಅನ್ನೋಕೆ ಶುರುವಾದ್ಮೇಲೆ.”

“ಹೋಗೋ ಹೊತ್ತಿಗೆ ಕೊಟ್ಟು, ಕೊಟ್ಟಿದ್ದಕ್ಕೇ ಹೋದ್ರು ಅಂದ್ರೆ ಹೇಗೆ?”

ಫಿಲೊಮೆನಾ ಲಂಗದ ಅಂಚಿನಿಂದ ಮೂಗು ಒರೆಸಿಕೊಂಡಳು.

ನರ್ಸು ಹನಿ ಎಣಿಸಿ ನಾಲಿಗೆಗೆ ಬಿಟ್ಟಳು. ಮೊಣಕಾಲಿನ ಕೆಳಗೆ ದಿಂಬಿಟ್ಟಳು. ಹೊರಳಿಸುವ ಬಗೆ, ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತುವ ಬಗೆ, ಮಲ ಕಟ್ಟದಂತೆ ಜೊತೆಗೆ ಕೊಡಬೇಕಾದ ಔಷಧ, ಎಲ್ಲವನ್ನೂ ತೋರಿಸಿದಳು. “ಎರಡು ದಿನ ತುಂಬಾ ಮಲಗ್ತಾರೆ. ಎಷ್ಟು ದಿನದ ನಿದ್ದೆ ಬಾಕಿ ಇದೆ ನೋಡು. ಎಬ್ಬಿಸಿದ್ರೂ ಏಳದೇ ಹೋದ್ರೆ, ಉಸಿರು ತೀರಾ ನಿಧಾನ ಆದ್ರೆ, ತಕ್ಷಣ ಫೋನ್ ಮಾಡು. ಹನಿ ಮಾತ್ರ ನೀನಾಗಿ ಹೆಚ್ಚು ಕಮ್ಮಿ ಮಾಡಬೇಡ.” ಆಮೇಲೆ ಅವಳ ಮುಖ ನೋಡಿದಳು. “ನೀನು ಯಾವಾಗ ಮಲಗಿದ್ದೆ?”

ಜುಲ್ಮೀರಾಗೆ ನೆನಪಿರಲಿಲ್ಲ. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

“ದೊಡ್ಡಮ್ಮಾ, ಮಧ್ಯಾಹ್ನ ಎರಡು ಗಂಟೆ ಇಲ್ಲಿ ಕೂತ್ಕೊಳ್ಳಿ. ಇವಳು ಮಲಗಲಿ.”

“ಕೂತ್ಕೋತೀನಿ ಬಿಡು. ಮನೇಲೇನು ಆನೆ ಕಟ್ಟಿದೀನಾ?”

ಎರಡು ದಿನ ಅಪ್ಪ ಮಲಗಿದ. ಜುಲ್ಮೀರಾ ಗಳಿಗೆಗೊಮ್ಮೆ ಅವನ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಮೂರನೇ ದಿನ ಅವನು ಕಣ್ಣು ಬಿಟ್ಟು ಕಾಫಿ ಕೇಳಿದ, ಒಂದು ಗುಟುಕು ಕುಡಿದು ಮುಖ ಕಿವುಚಿದ.

“ಇಂಥಾ ಕಾಫಿ ಮಾಡೋದು ಯಾರೇ ಕಲಿಸಿದ್ದು ನಿನಗೆ? ನಿಮ್ಮಮ್ಮ ಅಂತೂ ಅಲ್ಲ.”

ಮಗಳು ನಗಲು ಹೋಗಿ ಅತ್ತಳು. ಮುರಿದ ಬತ್ತಿ ತೋರಿಸಿ ಬಾಟಲಿಯ ಕಥೆಯನ್ನೆಲ್ಲ ಹೇಳಿದಳು. ಅವನು ಎರಡೂ ತುಂಡುಗಳ ತುದಿ ಸವರಿ ನೋಡಿದ. “ಚಮಚ ಕೆಂಡದಲ್ಲಿಡು” ಅಂದ. ಕಾದ ಚಮಚಕ್ಕೆ ಎರಡು ತುದಿ ತಾಗಿಸಿ, ಕರಗಿಸಿ, ಒತ್ತಿ ಹಿಡಿಯಲು ಹೇಳಿಕೊಟ್ಟ. ಬೆಸುಗೆ ಗಂಟಿನಂತೆ ಉಬ್ಬಿಕೊಂಡಿತು. “ಗಂಟಿದ್ರೆ ಒಳ್ಳೇದೇ. ಕೈ ಜಾರಲ್ಲ.”

ಅವನು ಇನ್ನೂ ಹತ್ತೊಂಬತ್ತು ದಿನ ಇದ್ದ. ಎಲ್ಲವೂ ಸುಖದ ದಿನಗಳೇನಲ್ಲ. ಮೈ ಕರಗುತ್ತಾ ಹೋಯಿತು, ಕಾಲು ಸ್ವಾಧೀನ ತಪ್ಪಿತು, ಒಂದು ದಿನ ತನ್ನ ಮಗಳನ್ನೇ ಹೆಂಡತಿ ಎಂದುಕೊಂಡು ಕ್ಷಮೆ ಕೇಳಿದ. ನೋವು ಮತ್ತೆ ತಲೆ ಎತ್ತಿದಾಗ ನರ್ಸು ಡಾಕ್ಟರನ್ನು ಕೇಳಿ ಅಳತೆ ಬದಲಿಸಿದಳು. ಆದರೆ ಆ ಮನೆಯಿಂದ ಮತ್ತೆ ಚೀತ್ಕಾರ ಕೇಳಲಿಲ್ಲ. ಕೇರಿಯವರು ಜೋಲಿಯ ಪಕ್ಕ ಕೂತು ಆ ವರ್ಷದ ಎಲೆಯ ಮಾತಾಡಿದರು.

ಒಂದು ಮಧ್ಯಾಹ್ನ, ಹೊರಗೆ ಎಲೆ ಬಡಿಯುವ ಸದ್ದಿನ ನಡುವೆ, ಅವನ ಉಸಿರು ಬಿಟ್ಟು ಬಿಟ್ಟು ಬರತೊಡಗಿತು. ಜುಲ್ಮೀರಾ ಬತ್ತಿ ಹೊತ್ತಿಸಿದಳು. ಸಡಿಲವಾಗಿದ್ದ ಬೆರಳುಗಳು ತಾವಾಗಿಯೇ ಮಡಚಿ ಗಂಟಿನ ಮೇಲೆ ಕೂತವು. ಫಿಲೊಮೆನಾ ಜಪ ಹೇಳಿದಳು. ಜ್ವಾಲೆ ಅಲುಗಲಿಲ್ಲ.

ಮಣ್ಣಾದ ಮೇಲೂ ಮಂಗಳವಾರ ಬೈಕ್ ಬಂತು.

“ಇನ್ಯಾಕ್ ಬಂದ್ರಿ ಅಕ್ಕಾ? ಅಪ್ಪ ಇಲ್ವಲ್ಲ.”

“ನೀನಿದೀಯಲ್ಲ.”

“ಆ ಹನ್ನೊಂದು ದಿನ...” ಜುಲ್ಮೀರಾ ಹಿಟ್ಟಿನ ಡಬ್ಬದ ಕಡೆ ತಿರುಗಿದಳು.

“ಅವನ್ನ ನಾನು ವಾಪಸ್ ತಂದುಕೊಡಲಾರೆ ತಂಗಿ. ಆ ಭಾರ ದೇವರೇ ಹೊರಬೇಕು. ಇನ್ನೊಂದು ಮನೇಲಿ ಹಂಗಾಗದ ಹಾಗೆ ನೀನು ನೋಡ್ಕೋಬಹುದು.”

ಅದಕ್ಕೇ ಜುಲ್ಮೀರಾ ಈಗ ನರಳಾಟ ಕೇಳಿಸಿದ ಮನೆಗೆ ಕರೆಯದಿದ್ದರೂ ಹೋಗುತ್ತಾಳೆ. ಮೊದಲು ಹಿಟ್ಟಿನ ಡಬ್ಬದ ಕಡೆ ನೋಡುತ್ತಾಳೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ವಾಸಿಯಾಗದ ಕಾಯಿಲೆಯವರು ಇರಬಹುದು. ‘ಇನ್ನೇನೂ ಮಾಡಲಾಗದು’ ಎಂಬ ಮಾತನ್ನು ನಂಬಬೇಡಿ. ಕಾಯಿಲೆ ವಾಸಿಯಾಗದಿದ್ದರೂ ನೋವನ್ನು ಇಳಿಸಬಹುದು. ಹಾಸ್ಪೈಸ್ ಆರೈಕೆ, ಉಪಶಾಮಕ ಆರೈಕೆ ಎಂದು ಹೆಸರು ಹೇಳಿ ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ. ಕೊನೆಯ ದಿನದವರೆಗೆ ಕಾಯದೆ ಇವತ್ತೇ ಕೇಳಿ. ಭಯವಿದ್ದರೆ ಔಷಧವನ್ನು ಬಚ್ಚಿಡಬೇಡಿ, ಆ ಭಯವನ್ನು ನರ್ಸಿನ ಮುಂದೆ ಬಿಚ್ಚಿಡಿ. ರೋಗಿಯ ಪಕ್ಕ ಎಚ್ಚರವಿರುವ ಜೀವಕ್ಕೂ ನಿದ್ದೆ ಬೇಕು. ನೆರೆಯವರಾದರೆ ಎರಡು ಗಂಟೆ ಹೋಗಿ ಕೂತು ಬನ್ನಿ. ನಿಮ್ಮವರ ಮುಷ್ಟಿ ನೋವಿನಲ್ಲಿ ಬಿಗಿದಿದ್ದರೆ, ಮೊದಲು ಅದನ್ನು ಬಿಡಿಸಿ. ಆಮೇಲೆ ಆ ಕೈ ನಿಮ್ಮ ಕೈಯನ್ನೂ ಹಿಡಿಯುತ್ತದೆ.