ಧಣಿಯ ಗಾಡಿ

ಡೆಟ್ರಾಯಿಟ್‌ನ ಆ ಮನೆಯ ಬಾಗಿಲ ಹಿಂದೆ ಟೋಪಿಗೆಂದೇ ಬೇರೆ ಮೊಳೆ ಇತ್ತು. ಈಜೆಲ್ ಟಾಲ್ಬರ್ಟನ ಭಾನುವಾರದ ಹ್ಯಾಟು ಒಂದು ಕಡೆ, ಕಾರ್ಖಾನೆಯ ಕೋಟು ಇನ್ನೊಂದು ಕಡೆ, ನಡುವೆ ಈ ಕಪ್ಪು ಟೋಪಿ. ಮುಂದೆ ಹೊಳೆಯುವ ಅಂಚಿದ್ದ, ದೊಡ್ಡವರ ಮನೆಯ ಡ್ರೈವರುಗಳು ಹಾಕುವಂಥದ್ದು. ಈಜೆಲ್ ಯಾರ ಮನೆಯ ಡ್ರೈವರೂ ಆಗಿರಲಿಲ್ಲ. ಕ್ಲಾರ್ಕ್ ಬೀದಿಯ ಕ್ಯಾಡಿಲಾಕ್ ಕಾರ್ಖಾನೆಯಲ್ಲಿ ಬಣ್ಣದ ಒಂದು ಪದರ ಒಣಗಿ ಇನ್ನೊಂದು ಬೀಳುವ ಮುಂಚೆ ಗಾಡಿಯ ಮೈಯನ್ನು ನೀರು ಹಾಕಿ ಉಪ್ಪುಕಾಗದದಿಂದ ಉಜ್ಜುವುದು ಅವನ ಕೆಲಸ. ಬೆರಳ ತುದಿಯ ಗೆರೆಗಳು ಸವೆದು ಹೋಗಿದ್ದವು.

ಅಂಗಳದಲ್ಲಿ ನಿಂತಿದ್ದ ತಿಳಿಹಸಿರು ಕ್ಯಾಡಿಲಾಕ್ ಮಾತ್ರ ಅವನದೇ. ಅವನ ಸಂಬಳ, ಹೆಂಗಸರ ಕೂದಲು ತಿದ್ದುವ ಅಂಗಡಿಯಲ್ಲಿ ಹೆಂಡತಿ ವರ್ನೀಸಳ ದುಡಿಮೆ, ಎರಡೂ ಸೇರಿ ಬಂದ ಗಾಡಿ. ಹಿಂದಿನ ಕಾಲದಲ್ಲಿ ಅಂಥ ಗಾಡಿಯನ್ನು ಈಜೆಲನಂಥ ಕರಿಯರಿಗೆ ಎದುರಿಗೆ ನಿಂತು ಮಾರುವವರೇ ಇರಲಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಡಾಕ್ಟರಿಕೆ ಮಾಡುವವರು, ಹಾಡಿ ಹೆಸರು ಮಾಡಿದವರು, ಗುದ್ದಾಟದ ಪೈಲ್ವಾನರು, ಯಾರಾದರೂ ಸರಿ, ಒಬ್ಬ ಬಿಳಿಯನ ಕೈ ಬೆಚ್ಚಗೆ ಮಾಡಿ, ಅವನನ್ನು ಮುಂದೆ ಬಿಟ್ಟು ಕೊಳ್ಳಬೇಕಿತ್ತು. ವ್ಯಾಪಾರ ನೆಲ ಕಚ್ಚಿದ ವರ್ಷಗಳಲ್ಲಿ ಕಂಪನಿಗೆ ಬುದ್ಧಿ ಬಂದು ಬಾಗಿಲು ತೆರೆಯಿತಂತೆ. ಈಜೆಲ್ ಆ ಬಾಗಿಲಿಂದಲೇ ಒಳಗೆ ಹೋಗಿ, ಹ್ಯಾಟು ತೆಗೆಯದೆ, ಗಾಡಿಯ ಮೈಮೇಲೆ ಕೈಯಾಡಿಸಿ, ‘ಇದು ನನ್ನ ಕೈಯಲ್ಲೇ ಹಾಯ್ದು ಬಂದಿರಬೇಕು’ ಎಂದು ಮನಸ್ಸಿನಲ್ಲೇ ಅಂದುಕೊಂಡು ತಂದಿದ್ದ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಯಲಲ್ಲಿ ಗಂಡಸರು ಗಾಡಿಯ ಸುತ್ತ ನೆರೆಯುತ್ತಿದ್ದರು.

“ಏ ಈಜೆಲ್, ಇದು ಸ್ವರ್ಗಕ್ಕೂ ಓಡುತ್ತೇನಯ್ಯಾ?” ಎಂದು ಒಬ್ಬ ಕೇಳಿದರೆ, ಇನ್ನೊಬ್ಬ, “ಸ್ವರ್ಗಕ್ಕೆ ಹಂಗೇ ಓಡುತ್ತೆ. ಅಲಬಾಮಾಕ್ಕೆ ಓಡಬೇಕಾದ್ರೆ ಟೋಪಿ ಬೇಕು!” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ದಕ್ಷಿಣದಲ್ಲಿ ಕರಿಯನೊಬ್ಬ ಇಂಥ ಗಾಡಿ ತನ್ನದೆಂದರೆ ಬಿಳಿಯರು ಸುಮ್ಮನೆ ಬಿಡುತ್ತಿರಲಿಲ್ಲ; ಯಾರದೋ ಡ್ರೈವರೆಂದು ತೋರಿಸಿಕೊಳ್ಳಲು ಎಲ್ಲರ ಮನೆಯಲ್ಲೂ ಅಂಥದ್ದೊಂದು ಟೋಪಿ ಇತ್ತು.

ಈಜೆಲನಿಗೆ ಆ ಗಾಡಿ ಬೇಕಾಗಿದ್ದು ಹುಟ್ಟೂರಿದ್ದ ಅಲಬಾಮಾಕ್ಕೇ. ಅಪ್ಪ ಮೋಸ್ ಟಾಲ್ಬರ್ಟನ ಕೊಟ್ಟಿಗೆಯಲ್ಲಿ ಒಂದು ಹೇಸರಗತ್ತೆ ಇತ್ತು. ಊರಿಗೆಲ್ಲ ಅಂಥ ಪ್ರಾಣಿ ಇನ್ನೊಂದಿಲ್ಲವೆಂದು ಮುದುಕ ಅದಕ್ಕೆ ಕ್ಯಾಡಿಲಾಕ್ ಎಂದೇ ಹೆಸರಿಟ್ಟಿದ್ದ. ಪ್ರಾಯದಲ್ಲಿ ಈಜೆಲ್ ಮನೆ ಬಿಟ್ಟು ಉತ್ತರಕ್ಕೆ ಹೊರಟಾಗ, “ಕ್ಯಾಡಿಲಾಕ್ ಮಾಡೋ ಊರಿಗೆ ಹೋಗ್ತೀಯಾ? ಅದಕ್ಯಾಕೆ ಅಷ್ಟು ದೂರ? ಅಗಾ, ಕೊಟ್ಟಿಗೇಲಿ ಸೊಪ್ಪು ತಿಂತಾ ನಿಂತಿದೆ” ಎಂದು ಹಂಗಿಸಿದ್ದ. ಆಮೇಲೆ ರೈಲು ಕದಲುವಾಗ ಕಿಟಕಿಗೆ ಕೈಯಿಟ್ಟು, “ನೀನು ನಿಜವಾದ್ದನ್ನ ತಂದ ದಿನ ನಾನು ಹಿಂದಿನ ಸೀಟಲ್ಲಿ ಕೂತು ಚರ್ಚಿಗೆ ಬರ್ತೀನಿ ಕಣೋ. ಆಣೆಗೂ ಬರ್ತೀನಿ” ಎಂದಿದ್ದ.

ಗಾಡಿ ಕೊಂಡ ಸುದ್ದಿಯನ್ನು ಈಜೆಲ್ ಊರಿಗೆ ಬರೆದಿರಲಿಲ್ಲ. ಅಪ್ಪನಿಗೆ ಓದು ಬಾರದು. ಓದಿ ಹೇಳುವವನು ಬಿಳಿಯ ಅಂಗಡಿಯವನು. ಅಲ್ಲದೆ ಅಂಗಳಕ್ಕೆ ತಂದು ನಿಲ್ಲಿಸಿ, ಬೀಗದ ಕೈಯನ್ನು ಅಪ್ಪನ ಅಂಗೈಗಿಟ್ಟು ಮುಷ್ಟಿ ಮುಚ್ಚಬೇಕೆಂದು ಅವನ ಆಸೆ. ಸಾವಿರದ ಒಂಬೈನೂರ ಐವತ್ತೈದರ ಬೇಸಿಗೆಯಲ್ಲಿ ತಂಗಿ ಆರ್ಜುಲಾಳಿಂದ ತಂತಿ ಬಂತು: ಅಪ್ಪ ಹೆಚ್ಚು ದಿನ ಉಳಿಯುವುದಿಲ್ಲ, ಬೇಗ ಬಾ.

ಉತ್ತರ ಮುಗಿದು ದಕ್ಷಿಣ ಶುರುವಾಗುವ ಒಹಾಯೊ ನದಿಯ ತನಕ ವರ್ನೀಸ್ ಗಂಡನ ಪಕ್ಕದಲ್ಲಿ ಕೂತಿದ್ದಳು. ಸೇತುವೆಗೆ ಮುಂಚೆ ಅವನು ಗಾಡಿ ನಿಲ್ಲಿಸಿದ. ಅವಳು ಇಳಿದು ಹಿಂದಕ್ಕೆ ಹೋಗಿ ಅಡುಗೆಯವಳಂತೆ ಬುಟ್ಟಿ ತೊಡೆಮೇಲಿಟ್ಟುಕೊಂಡಳು. ಅವನು ಟೋಪಿ ಹಾಕಿಕೊಂಡ.

“ಹೊರಡೋಣವಾ ಅಮ್ಮಾವ್ರೇ?” ಎಂದ.

“ನೆಟ್ಟಗೆ ಓಡಿಸಪ್ಪಾ. ಧಣಿಗಳಿಗೆ ಹೇಳಿ ಕೆಲಸದಿಂದ ತೆಗೆಸಿಬಿಟ್ಟೇನು” ಎಂದಳು. ಇಬ್ಬರೂ ನಕ್ಕರು. ಸೇತುವೆ ದಾಟಿದ ಮೇಲೆ ನಗಲಿಲ್ಲ.

ಊರು ಇನ್ನೇನು ಬಂತು ಎನ್ನುವಾಗ ಹತ್ತಿ ಗಿರಣಿಯ ತಿರುವಿನಲ್ಲಿ ಬಿಳಿಯ ಪೊಲೀಸಿನವನೊಬ್ಬ ಅಡ್ಡ ನಿಂತ. ಈಜೆಲನ ಅರ್ಧ ವಯಸ್ಸಿನವನು.

“ಏ ಹುಡುಗಾ, ಯಾರ್ದೋ ಈ ಗಾಡಿ?”

“ನಮ್ಮ ಧಣಿಗಳದು ಸ್ವಾಮಿ. ಡೆಟ್ರಾಯಿಟ್‌ನೋರು. ನಮ್ಮಪ್ಪಂಗೆ ಹುಷಾರಿಲ್ಲ ಅಂತ ಕೊಟ್ಟು ಕಳಿಸಿದ್ರು.”

“ಕಳಿಸಿದ್ರಾ, ಇಲ್ಲಾ ನೀನೇ ಎತ್ತಿಕೊಂಡು ಬಂದ್ಯಾ? ನಡಿ, ನಿಮ್ಮಪ್ಪನ್ನ ನಾನೂ ನೋಡ್ತೀನಿ.”

ಹೀಗೆ, ಎಷ್ಟೋ ವರ್ಷ ಕನಸಿನಲ್ಲಿ ಓಡಿಸಿದ್ದ ದಾರಿಯಲ್ಲಿ, ಹಿಂದೆ ಪೊಲೀಸು ಗಾಡಿಯನ್ನು ಕಟ್ಟಿಕೊಂಡು ಈಜೆಲ್ ಅಪ್ಪನ ಅಂಗಳಕ್ಕೆ ಬಂದ.

ಮೋಸ್ ಜಗಲಿಯ ಕುರ್ಚಿಯಲ್ಲಿ ಬೇಸಿಗೆಯ ಬಿಸಿಲಲ್ಲೂ ಕಂಬಳಿ ಹೊದ್ದು ಕೂತಿದ್ದ. ಬೆಲ್ಲದ ಪುಡಿಯಂಥ ಧೂಳಿನೊಳಗಿಂದ ತಿಳಿಹಸಿರು ಗಾಡಿ ಮೂಡಿ ಬಂದದ್ದನ್ನು ನೋಡಿ ಎದ್ದು ನಿಂತುಬಿಟ್ಟ. ಏಳಲಾರದವನು ಎದ್ದಿದ್ದ. ಬಾಯಿ ತೆರೆದಿತ್ತು. ಆ ಮುಖವನ್ನು ಈಜೆಲ್ ಕಂಡ. ಅಷ್ಟರಲ್ಲಿ ಪೊಲೀಸಿನವನು ಮುಂದೆ ಬಂದ.

“ಏ ಮುದುಕಾ, ಇವನು ನಿನ್ನ ಮಗನೇನೋ?”

“ಹೂಂ ಸ್ವಾಮಿ, ನನ್ನ ಮಗನೇ.” ಮುದುಕನ ಕಣ್ಣು ಗಾಡಿಯ ಮೇಲಿಂದ ಮಗನ ಟೋಪಿಗೆ ಬಂತು. “ಗಾಡಿ... ಗಾಡಿ ಯಾರ್ದು ಮಗಾ?”

ಪೊಲೀಸಿನವನು ಈಜೆಲನ ಬಾಯನ್ನೇ ನೋಡುತ್ತಿದ್ದ.

“ಧಣಿಗಳದು ಅಪ್ಪಾ” ಎಂದ ಈಜೆಲ್.

ಮುದುಕ ಮೆಲ್ಲಗೆ ಕೂತ. “ಹಂಗಾ?” ಎಂದ. ಜಾರಿದ ಕಂಬಳಿ ಎಳೆದುಕೊಂಡು, “ಒಳ್ಳೇ ಧಣಿ ಸಿಕ್ಕವ್ರೆ ನಿಂಗೆ” ಎಂದ.

ಪೊಲೀಸು ಹೋದ ಮೇಲೆ ಈಜೆಲ್ ಟೋಪಿ ಕಿತ್ತು ಅಪ್ಪನ ಬಳಿಗೆ ಹೆಜ್ಜೆ ಹಾಕಿದ. ಆರ್ಜುಲಾ ಅವನ ತೋಳು ಹಿಡಿದು ಮನೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

“ಹೇಳಬೇಡ ಅಣ್ಣಾ.”

“ಏನು ಹೇಳಬೇಡ? ಅದು ನಂದೇ ಅಂತ ನಿಂಗೆ ಗೊತ್ತಾಯ್ತಾ?”

“ಅತ್ತಿಗೆ ಮುಖ ನೋಡಿದ್ರೆ ಗೊತ್ತಾಗಲ್ವಾ? ಹೇಳಬೇಡ. ನಮ್ಮ ಜನವೇ, ಆ ಸ್ಟಾಕ್ಟನ್‌ನೋರು, ಮನೆಗೆ ಬಿಳಿ ಬಣ್ಣ ಹೊಡೆಸಿದ್ದಷ್ಟೇ. ಬರೀ ಬಣ್ಣ. ಬಿಳಿಯರು ಸುಟ್ಟ ಬೂದಿ ಇದೆ ಈಗ ಅಲ್ಲಿ, ಹೋಗಿ ನೋಡ್ಕೊಂಡು ಬಾ. ಅಪ್ಪನ ಬಾಯಲ್ಲಿ ಮಾತು ನಿಲ್ಲುತ್ತಾ? ಬೆಳಗಾಗೋದ್ರೊಳಗೆ ಹತ್ತಿ ಗಿರಣಿಯಲ್ಲೆಲ್ಲ ಸಾರಿರ್ತಾನೆ. ನೀನು ಹೋಗ್ತೀಯ. ನಾವು ಇಲ್ಲೇ ಇರ್ಬೇಕು, ನನ್ನ ಮಕ್ಕಳು ಇಲ್ಲೇ ಇರ್ಬೇಕು.”

ಅವಳು ಹೇಳಿದ್ದು ಸುಳ್ಳಲ್ಲ. ಮೋಸ್ ಟಾಲ್ಬರ್ಟ್ ಚರ್ಚಿನಲ್ಲಿ ಸಾಲು ಕೊಡುವವನು. ಹಾಡಿನ ಒಂದು ಸಾಲನ್ನು ಅವನು ಮೊದಲು ಹೇಳುವುದು, ಪುಸ್ತಕವಿಲ್ಲದ ಜನ ಅದನ್ನೆತ್ತಿಕೊಂಡು ಎಳೆದೆಳೆದು ಹಾಡುವುದು. ಆ ಗಂಟಲಿನಲ್ಲಿ ಬಂದದ್ದನ್ನು ಊರೆಲ್ಲ ಎತ್ತಿಕೊಳ್ಳುತ್ತಿತ್ತು. ಅಪ್ಪನ ಬಾಯಿ ಮುಚ್ಚಿಸುವುದೆಂದರೆ ಬಾವಿಗೆ ಮುಚ್ಚಳ ಹುಡುಕಿದಂತೆ.

ಭಾನುವಾರ ಬೆಳಿಗ್ಗೆ ಮುದುಕ ತಾನೇ ಅಂಗಿ ಕೇಳಿ ಹಾಕಿಕೊಂಡ.

“ಮಗಾ, ಒಂದು ಮಾತು. ನಿಮ್ಮ ಧಣಿ ಬೇಜಾರು ಮಾಡ್ಕೊಳ್ಳಲ್ಲ ಅಂದ್ರೆ... ಚರ್ಚಿನ ತನಕ ನನ್ನ ಕೂರಿಸ್ಕೊಂಡು ಹೋಗ್ತೀಯಾ?”

“ಬೇಜಾರು ಮಾಡ್ಕೊಳ್ಳಲ್ಲ ಅಪ್ಪಾ.”

“ಕೇಳದೆ ಹೆಂಗೆ ಹೇಳ್ತೀಯ? ಬೇರೆಯವರ ಸಾಮಾನು.”

“ನಂಗೆ ಗೊತ್ತು. ಅವರು ಅಂಥೋರಲ್ಲ.”

ಈಜೆಲ್ ಹಿಂದಿನ ಬಾಗಿಲು ತೆರೆದು ಹಿಡಿದ. ಮುದುಕ ಒಳಗೆ ಬಗ್ಗಿ ನೋಡಿ, ಆರ್ಜುಲಾಳನ್ನು ಕೂಗಿ ತೊಳೆದ ಹಿಟ್ಟಿನ ಚೀಲವೊಂದನ್ನು ತರಿಸಿ, ಸೀಟಿನ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ತುದಿಯಲ್ಲಿ ಕೂತ. ದಾರಿಯುದ್ದಕ್ಕೂ ಬೆನ್ನು ಸೀಟಿಗೆ ತಾಕಿಸಲಿಲ್ಲ. ಒಮ್ಮೆ ಮಾತ್ರ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬಾಗಿಲ ಒಳಮೈಯನ್ನು ಕೈಯ ಹಿಂಭಾಗದಿಂದ ಸವರಿದ. ಕನ್ನಡಿಯಲ್ಲಿ ಈಜೆಲ್ ನೋಡಿದ. ಮಾವನ ಪಕ್ಕದಲ್ಲಿ ಕೂತಿದ್ದ ವರ್ನೀಸ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಆ ದಿನ ಸಾಲು ಕೊಡಲು ಮುದುಕನಿಗೆ ಉಸಿರಿರಲಿಲ್ಲ. ಬೆಂಚು ಹಿಡಿದು ನಿಂತು ಪ್ರಾರ್ಥನೆ ಹೇಳಿದ. ಅದೂ ಹಾಡಿನ ಧಾಟಿಯಲ್ಲೇ ಬಂತು.

“ಹೊಳೆಯಾಚೆ ದೀಪ ಹಚ್ಚಿಟ್ಟವನೇ, ಈಚೆ ದಡದ ಕತ್ತಲೆ ಬಲ್ಲವನೇ. ನಾ ನೋಡದ ಒಬ್ಬ ಮನುಷ್ಯನಿಗೋಸ್ಕರ ಬೇಡ್ತೀನಿ. ನನ್ನ ಮಗನನ್ನ ನಂಬಿ ಇಂಥ ಗಾಡಿ ಕೈಗೆ ಕೊಟ್ಟ ಧಣಿ. ಅವನ ಹೆಸರು ನಾ ಕೇಳಲಿಲ್ಲ, ನಿಂಗೆ ಗೊತ್ತು. ಅವನಿಗೆ ಆಯುಸ್ಸು ಕೊಡು ತಂದೇ. ನನ್ನ ಪಾಲಿಂದು ಉಳಿದಿದ್ರೆ ಅದನ್ನೂ ಅವನಿಗೇ ಸೇರಿಸು.”

ಜನ “ಆಮೆನ್” ಎಂದು ಎತ್ತಿಕೊಂಡರು. ಈಜೆಲ್ ಮುಂದಿನ ಬೆಂಚನ್ನೇ ನೋಡುತ್ತ ನಿಂತ. ಮುದುಕ ತಿರುಗಿ, “ಹೇಳೋ ಮಗಾ. ಅವರ ಅನ್ನ ತಿಂತೀಯ” ಎಂದ.

“ಆಮೆನ್” ಎಂದ ಈಜೆಲ್.

ವಾರ ತುಂಬುವುದರೊಳಗೆ ಮುದುಕ ಹಾಸಿಗೆಯಲ್ಲೇ ಕರಗತೊಡಗಿದ. ಕೊನೆಯ ಬೆಳಿಗ್ಗೆ ಈಜೆಲ್ ಬೀಗದ ಕೈಯನ್ನು ತಂದು ಅಪ್ಪನ ಅಂಗೈಯಲ್ಲಿಟ್ಟ. ಇನ್ನು ಈ ಬಾಯಿ ಯಾರಿಗೆ ಸಾರೀತು, ಹೇಳಿಬಿಡುತ್ತೇನೆ ಎಂದುಕೊಂಡು ಕಿವಿಯ ಹತ್ತಿರ ಬಗ್ಗಿದ. ಹಾಸಿಗೆಯ ಸುತ್ತ ಊರಿನ ಮುದುಕಿಯರು ನಾಲ್ಕಾರು ಮಂದಿ ಬೀಸಣಿಗೆ ಬೀಸುತ್ತ ಕೂತಿದ್ದರು. ಅವರಲ್ಲೊಬ್ಬಳು ಆ ಬಿಳಿಯ ಅಂಗಡಿಯವನ ಮನೆಯಲ್ಲಿ ಬಟ್ಟೆ ಒಗೆಯುವವಳು. ಬಾಗಿಲಲ್ಲಿ ಆರ್ಜುಲಾ ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಅಣ್ಣನನ್ನೇ ನೋಡುತ್ತ ಕೂಸನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿದಳು.

“ಏನು ಮಗಾ?” ಎಂದ ಮುದುಕ.

“ಏನಿಲ್ಲ ಅಪ್ಪಾ.”

ಮುದುಕನ ಬೆರಳುಗಳು ಬೀಗದ ಕೈಯನ್ನು ತಡವಿದವು. “ಇದನ್ನ ಜೋಪಾನವಾಗಿ ಧಣಿಗೆ ಒಪ್ಪಿಸು. ನಮ್ಮೋರು ಬೇರೆಯವರ ಸಾಮಾನು ಕೆಡಿಸಿದ್ರು ಅನ್ನೋ ಮಾತು ಬರಬಾರದು.”

ಬಿಸಿಲು ಏರುವ ಮುಂಚೆ ಉಸಿರು ನಿಂತಿತು. ಬೀಗದ ಕೈಯನ್ನು ಅಪ್ಪನ ಮುಷ್ಟಿಯಿಂದ ಈಜೆಲನೇ ಬಿಡಿಸಿಕೊಂಡ.

ಆ ಪ್ರಾರ್ಥನೆ ಮಾತ್ರ ಹುಸಿಯಾಗಲಿಲ್ಲ. ದೇವರಿಗೆ ಧಣಿ ಯಾರೆಂದು ಗೊತ್ತಿತ್ತು. ಈಜೆಲನಿಗೆ ಆಯುಸ್ಸು ಬಂತು, ಸುಮ್ಮನೆ ಬರುತ್ತಲೇ ಹೋಯಿತು. ಅವನು ಗಾಡಿಯನ್ನು ಮಾರಲಿಲ್ಲ. ಅದಾದ ಮೇಲೆ ಹಿಂಬದಿಯ ರೆಕ್ಕೆಗಳು ಇನ್ನೂ ಎತ್ತರವಾದ ಹೊಸ ಗಾಡಿಗಳು ಬಂದವು, ಹೋದವು. ಮೊದಲೆಲ್ಲ ಯಾವುದೇ ಸಾಮಾನು ಉತ್ತಮವೆನ್ನಲು ಅಂಗಡಿಯವರು, ‘ಇದು ಒಲೆಗಳಲ್ಲಿ ಕ್ಯಾಡಿಲಾಕ್’, ‘ಇದು ಹಾಸಿಗೆಗಳಲ್ಲಿ ಕ್ಯಾಡಿಲಾಕ್’ ಎನ್ನುತ್ತಿದ್ದರು. ಆ ಮಾತು ಸವೆಯಿತು. ಒಂದು ವರ್ಷ ಕಂಪನಿ ಚಿಕ್ಕದೊಂದು ಅಗ್ಗದ ಗಾಡಿಗೆ ಅದೇ ಕಿರೀಟದ ಬಿಲ್ಲೆ ಅಂಟಿಸಿ ಬಿಟ್ಟಿತು. ಚರ್ಚಿನ ಬಯಲಲ್ಲಿ ಹುಡುಗರು, “ಅಜ್ಜಂದಿರ ಗಾಡಿ ಬಂತು, ದಾರಿ ಬಿಡ್ರೋ” ಎಂದು ನಗುವಂತಾಯಿತು. ಹೊಸ ಪಾದ್ರಿ ಜರ್ಮನಿಯ ಗಾಡಿ ಕೊಂಡ. ಕ್ಲಾರ್ಕ್ ಬೀದಿಯ ಕಾರ್ಖಾನೆಗೆ ಬೀಗ ಬಿತ್ತು. ವರ್ನೀಸ್ ಕಣ್ಣು ಮುಚ್ಚಿದಳು. ಟೋಪಿಯ ಮೊಳೆಯ ಪಕ್ಕದಲ್ಲಿ ಅವಳ ಕೆಲಸದ ಮೇಲಂಗಿ ಹಾಗೇ ತೂಗುತ್ತಿತ್ತು.

ಆರ್ಜುಲಾ ತೀರಿಕೊಂಡ ಸುದ್ದಿ ಬಂದಾಗ ಈಜೆಲನಿಗೆ ಎಂಬತ್ತು ದಾಟಿತ್ತು. ಮಣ್ಣಿಗೆ ಹೋಗಲೇಬೇಕೆಂದು, ಯಾರ ಮಾತೂ ಕೇಳದೆ ಅದೇ ಗಾಡಿಯಲ್ಲಿ ಹೊರಟ. ಸೇತುವೆಯ ಮುಂಚೆ ಸುಮ್ಮನೆ ನಿಲ್ಲಿಸಿ, ಹಿಂದಿನ ಸೀಟಿನ ಕಡೆ ನೋಡಿ, ಮತ್ತೆ ಹೊರಟ.

ಹತ್ತಿ ಗಿರಣಿಯಿದ್ದ ತಿರುವಿನಲ್ಲಿ ಇಂಜಿನ್ನಿನ ನೀರು ಕುದಿದು ಗಾಡಿ ನಿಂತಿತು. ಹಿಂದೆ ಬಂದ ಪೊಲೀಸು ಗಾಡಿಯಿಂದ ಒಬ್ಬ ಹುಡುಗ ಇಳಿದ. ಕರಿಯರ ಹುಡುಗನೇ, ನಗುಮುಖದವನು.

“ಏನ್ ತಾತಾ, ಸುಸ್ತಾಯ್ತಾ ಇದಕ್ಕೆ? ಅಯ್ಯೋ ದೇವರೇ, ಇನ್ನೂ ಓಡುತ್ತಾ! ಯಾರ್ದಿದು?”

ಈಜೆಲನ ಕೈ ಸೀಟಿನ ಮೇಲೆ ಟೋಪಿಯನ್ನು ತಡಕಾಡಿತು. ಟೋಪಿ ಮನೆಯಲ್ಲಿ ಮೊಳೆಯ ಮೇಲಿತ್ತು. ಬಾಯಿ ಮಾತ್ರ ತನ್ನಷ್ಟಕ್ಕೆ ತಾನೇ ತೆರೆಯಿತು.

“ಧಣಿಗಳದು ಸ್ವಾಮಿ.”

ಹುಡುಗ ಹೊಟ್ಟೆ ತುಂಬ ನಕ್ಕ. “ಚೆನ್ನಾಗಿ ಹೇಳಿದ್ರಿ! ಹಂಗಾದ್ರೆ ಆ ನಿಮ್ಮ ಧಣಿಗೆ ಹೇಳಿ ತಾತಾ, ಇನ್ನಾದ್ರೂ ಒಂದು ಒಳ್ಳೇ ಗಾಡಿ ತಗೊಳ್ಳಿ ಅಂತ.” ನೀರು ತಂದು ಹುಯ್ದು, ಗಾಡಿ ಹೊರಡುವ ತನಕ ನಿಂತು, ಕೈಬೀಸಿ ಹೋದ.

ಆರ್ಜುಲಾಳ ಮಣ್ಣು ಮುಗಿದು ಜನ ಊಟಕ್ಕೆ ಹೋದ ಮೇಲೆ ಈಜೆಲ್ ಗಾಡಿಯನ್ನು ಹುಲ್ಲಿನ ಮೇಲೆ ಮೆಲ್ಲಗೆ ನಡೆಸಿಕೊಂಡು ಅಪ್ಪನ ಗೋರಿಯ ಪಕ್ಕಕ್ಕೆ ತಂದ. ಇಳಿದು, ಹಿಂದಿನ ಬಾಗಿಲನ್ನು ತೆರೆದು ಹಿಡಿದ. ಸೀಟಿನ ಮೇಲೆ ಹಿಟ್ಟಿನ ಚೀಲ ಅಂದು ಹಾಸಿದ ಹಾಗೆಯೇ ಇತ್ತು, ಹಳದಿ ತಿರುಗಿ, ಮಡಿಕೆಯಲ್ಲಿ ಹರಿದು.

“ಅಪ್ಪಾ, ಗಾಡಿ ನಂದು” ಎಂದ.

ಗಟ್ಟಿಯಾಗಿಯೇ ಹೇಳಿದ. ಸುತ್ತ ಕೇಳಬಾರದವರು ಯಾರೂ ಇರಲಿಲ್ಲ. ಕೇಳಬೇಕಾದವರೂ ಇರಲಿಲ್ಲ. ದಾರಿಯಲ್ಲಿ ಹೊಳೆಹೊಳೆವ ಪರದೇಶದ ಗಾಡಿಗಳು ಸದ್ದಿಲ್ಲದೆ ಹಾದುಹೋಗುತ್ತಿದ್ದವು, ಒಂದೂ ನಿಧಾನಿಸಲಿಲ್ಲ.

ಅವನು ಅಪ್ಪನ ಧಾಟಿಯಲ್ಲಿ ಸಾಲು ಕೊಟ್ಟ: “ಹೊಳೆಯಾಚೆ ದೀಪ ಹಚ್ಚಿಟ್ಟವನೇ...” ಎತ್ತಿಕೊಳ್ಳುವವರಿಗಾಗಿ, ರೂಢಿಯಂತೆ, ಕಾದ. ಗೋರಿಗಳ ನಡುವೆ ಹೊಸ ಮಣ್ಣಿನ ಗುಡ್ಡೆ ಸುಮ್ಮನೆ ಇತ್ತು. ಕೊನೆಗೆ ತಾನೇ ಮುಂದುವರಿಸಿದ.

“ಅಪ್ಪ ಬೇಡಿದ್ದನ್ನ ನೀನು ಕೊಟ್ಟೆ ತಂದೇ. ಅವನ ಪಾಲಿಂದೂ ಸೇರಿಸಿ ಕೊಟ್ಟೆ. ಆ ಧಣಿಗೆ ಇಷ್ಟು ಸಾಕು.”

ಆಮೆನ್ ಎಂದೂ ತಾನೇ ಅಂದುಕೊಂಡು, ಒಳಗೆ ಯಾರೋ ಕೂತಿದ್ದಾರೆಂಬಂತೆ, ಬಾಗಿಲನ್ನು ಮೆಲ್ಲಗೆ ಹಾಕಿದ.