ಪೆಡಲಿನಲ್ಲಿ ಹೇಳಿದ ಸುಳ್ಳು

ಆ ಮೆಕ್ಯಾನಿಕ್‌ನ ಅಕ್ಕನ ಗಂಡನದು ಕನ್ನಡಕದ ಅಂಗಡಿ. ಇಪ್ಪತ್ತೆಂಟು ವರ್ಷ ಜನರ ಕಣ್ಣು ಪರೀಕ್ಷಿಸಿದ ಮನುಷ್ಯ ಐವತ್ತು ದಾಟಿದ ಮೇಲೆ ಒಂದು ಹಳೆಯ ಟರ್ಬೊ ಕಾರು ಕೊಂಡು, ಹೊಸ ಮದುಮಗನಂತೆ ಅದರ ಸುತ್ತ ಸುಳಿದಾಡತೊಡಗಿದರು. "ನೀನಿದ್ದೂ ನನ್ನ ಕಾರು ಹೀಗೆ ತೆವಳಬೇಕೇನೋ? ಸ್ವಲ್ಪ ಪವರ್ ಏರಿಸಿಕೊಡು" ಎಂದು ಮೆಕ್ಯಾನಿಕ್ ಭಾವಮೈದನ ಬೆನ್ನು ಬಿದ್ದರು.

ಅವನಿಗೇನೂ ತಿಳಿಯದ ಕೆಲಸವಲ್ಲ. ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ ಹೆಚ್ಚಿಸಿದರೆ ಪವರ್ ಏರುತ್ತದೆ. ಆದರೆ ಮೊದಲು ಬ್ರೇಕು, ಟಯರು, ಆ ಗಾಳಿಯನ್ನು ತಣಿಸುವ ಕೂಲರು ಗಟ್ಟಿಯಾಗಬೇಕು. ಆಮೇಲೆ ಇಷ್ಟಿಷ್ಟೇ ಏರಿಸುತ್ತ, ಎಂಜಿನ್ ತಾಳಲಾರದೆ ಒಳಗೆ ಟಕಟಕ ಬಡಿಯುತ್ತದೆಯೇ ಎಂದು ಕಿವಿಗೊಡುತ್ತ ಹೋಗಬೇಕು. ಎರಡು ವಾರದ ಕೆಲಸ. ಅಷ್ಟರಲ್ಲಿ ಅಕ್ಕನ ಫೋನು: "ಅವರ ಕುಣಿತಕ್ಕೆ ನೀನೂ ತಾಳ ಹಾಕ್ಬೇಡ ಕಣೋ. ಆಗಲ್ಲ ಅಂತ ಹೇಳ್ಬಿಡು."

ಆಗಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕಾರಿಗೆ ಲ್ಯಾಪ್‌ಟಾಪ್ ಜೋಡಿಸಿ, ಆಕ್ಸಿಲರೇಟರ್ ಪೆಡಲ್ ಎಷ್ಟು ಒತ್ತಿದರೆ ಎಷ್ಟು ಓಟ ಎಂಬ ಲೆಕ್ಕವನ್ನಷ್ಟೇ ಬದಲಿಸಿದ. ಈಗ ಕಾಲು ತಾಗಿಸಿದರೆ ಸಾಕು, ಕಾರು ಚಂಗನೆ ಜಿಗಿಯುತ್ತಿತ್ತು. ಪೂರ್ತಿ ಒತ್ತಿದರೆ ಮಾತ್ರ ಅದೇ ಹಳೆಯ ಶಕ್ತಿ, ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಐದರಲ್ಲೊಂದು ಪಾಲು ಏರಿಸಿದ್ದೀನಿ ಭಾವ" ಎಂದ. ಭಾವ ಒಂದು ಸುತ್ತು ಹೋಗಿ ಬಂದು ಅವನ ಬೆನ್ನು ತಟ್ಟಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡ ಅವನು.

ಹನ್ನೊಂದನೆಯ ದಿನ ಭಾವ ವರ್ಕ್‌ಶಾಪಿಗೆ ಬಂದರು. ಕಾರಿನ ಬಲಗನ್ನಡಿ ಕಿತ್ತುಹೋಗಿತ್ತು. ಮುಂದಿನ ಸೀಟಿನಲ್ಲಿದ್ದ ಅಕ್ಕ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಇಳಿಯದೆ ಕೂತಿದ್ದಳು.

"ಏರು ರಸ್ತೆಲಿ ಲಾರಿ ಹಿಂದಿಕ್ಕೋಕೆ ಹೋದೆ" ಎಂದರು ಭಾವ. "ಎದುರಿಗೆ ವ್ಯಾನು ದೂರದಲ್ಲಿತ್ತು. ಈ ಪವರ್‌ಗೆ ಸಲೀಸು ಅಂದ್ಕೊಂಡೆ. ಪೆಡಲ್ ನೆಲಕ್ಕೆ ಮುಟ್ಟಿಸಿದ್ರೂ ಲಾರಿ ದಾಟೋಕೇ ಆಗ್ಲಿಲ್ಲ. ಹೇಗೋ ಮತ್ತೆ ಲಾರಿ ಹಿಂದಕ್ಕೇ ನುಸುಳಿದೆ, ವ್ಯಾನು ಕನ್ನಡಿ ಕಿತ್ಕೊಂಡು ಹೋಯ್ತು."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ನಿನ್ನ ಕೆಲಸದಲ್ಲಿ ತಪ್ಪಿಲ್ಲಪ್ಪ. ನಂದೇ ಅಂದಾಜು ಕೆಟ್ಟಿದೆ. ಬೆಳಿಗ್ಗೆ ನನ್ನ ಕಣ್ಣನ್ನ ನಾನೇ ಮೂರು ಸಲ ಪರೀಕ್ಷೆ ಮಾಡ್ಕೊಂಡೆ. ನಂಬರ್ ಸರಿಯಾಗೇ ಇದೆ. ಅಂದ್ರೆ ತಲೆಯೇ ಮಂಕಾಗಿದೆ. ಮಾರಿಬಿಡು ಇದನ್ನ."

ಮಾರಿಬಿಟ್ಟರೆ ಎಲ್ಲ ಮುಚ್ಚಿಹೋಗುತ್ತದೆ. ಅಕ್ಕನಿಗೂ ನೆಮ್ಮದಿ. ಒಂದು ಗಳಿಗೆ ಅವನು ಹೂಂ ಎನ್ನಲು ಬಾಯಿ ತೆರೆದದ್ದೂ ಹೌದು. ಅದೇ ಅವನನ್ನು ಆಮೇಲೆ ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

"ಭಾವ, ತಲೆ ಸರಿಯಾಗಿದೆ. ನಾನು ಪವರ್ ಏರಿಸೇ ಇಲ್ಲ. ಪೆಡಲ್ ಚುರುಕು ಮಾಡಿ ಸುಳ್ಳು ಹೇಳ್ದೆ."

ಭಾವ ಬಯ್ಯಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಗಿರಾಕಿಗೆ ತಪ್ಪು ನಂಬರಿನ ಗಾಜು ಹಾಕಿ ಸರಿ ಇದೆ ಅಂತ ಕಳಿಸಿದ್ರೆ, ಅವನು ಮೆಟ್ಟಿಲು ಎಲ್ಲಿದೆ ಅಂತ ಕಾಲಿಡ್ಬೇಕೋ?" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಅಕ್ಕನಿಗೆ ನೀನೇ ಹೇಳು" ಎಂದರು.

ಅವನು ಕಾರಿನ ಬಾಗಿಲ ಬಳಿ ಹೋಗಿ ಹೇಳಿದ. "ಆಗಲ್ಲ ಅನ್ನು ಅಂದಿದ್ದೆ ಕಣೋ. ಮೋಸ ಮಾಡು ಅಂದಿದ್ನಾ?" ಎಂದಳು ಅಕ್ಕ. ಹದಿನೈದು ದಿನ ಅವನ ಫೋನು ಎತ್ತಲಿಲ್ಲ.

ಮಾರುವ ಮಾತು ಬಿಟ್ಟು ಭಾವ ಕಾರನ್ನು ವರ್ಕ್‌ಶಾಪಿನಲ್ಲೇ ಬಿಟ್ಟುಹೋಗಿದ್ದರು. ಆ ಹದಿನೈದು ದಿನ ಅವನು ಕೆಲಸವನ್ನು ಮಾಡಬೇಕಾದಂತೆಯೇ ಮಾಡಿದ. ಬ್ರೇಕು, ಟಯರು, ದೊಡ್ಡ ಕೂಲರು. ಕೊನೆಗೆ ಮೂರು ಹಂತದಲ್ಲಿ ಒತ್ತಡ. ನಾಲ್ಕನೆಯ ಹಂತದಲ್ಲಿ ಎಂಜಿನ್ ಸಣ್ಣಗೆ ಬಡಿದದ್ದೇ ಹಿಂದಕ್ಕೆ ಇಳಿಸಿದ. ಹತ್ತರಲ್ಲೊಂದು ಪಾಲಷ್ಟೇ ಏರಿತ್ತು. ಅಷ್ಟೇ ಎಂದು ಹೇಳಿದ.

ಭಾವ ತಲೆಯಾಡಿಸಿದರು. ಮುಂಚೆಲ್ಲ ಅವನ ಮಾತೇ ಸಾಕಾಗುತ್ತಿತ್ತು. ಈಗ, "ಪವರ್ ಅಳೆಯೋ ಮೆಷಿನ್ ಮೇಲೆ ನನ್ನೆದುರಿಗೆ ಇನ್ನೊಂದ್ಸಲ ಓಡಿಸಿ ತೋರಿಸು" ಎಂದರು. ಅವನು ತಲೆ ತಗ್ಗಿಸಿ ಕಾರನ್ನು ಆ ಮೆಷಿನ್ನಿನ ರೋಲರ್ ಮೇಲೆ ಹತ್ತಿಸಿದ.