ಮೂರನೆಯ 'ಬೀ'

ನರ್ಸಮ್ಮನ ಚೀಲದಲ್ಲಿ ಔಷಧಿ, ಬ್ಯಾಂಡೇಜು, ಕತ್ತರಿಯ ಜೊತೆಗೆ ಒಂದು ತುಂಡು ಸೀಮೆಸುಣ್ಣವೂ ಇರುತ್ತಿತ್ತು. ಮನೆಮನೆ ತಿರುಗಿ ಕಾಯಿಲೆಯವರನ್ನು ನೋಡುವುದು ಅವಳ ಕೆಲಸ. ಹೋದಾಗ ಬೀಗ ಕಂಡರೆ ಬಾಗಿಲ ಚೌಕಟ್ಟಿನ ಮೇಲೆ 'ಬೀ' ಅಂತ ಬರೆಯಬೇಕು, ಪುಸ್ತಕದಲ್ಲೂ ಬರೆಯಬೇಕು. ಮೂರು 'ಬೀ' ಬಿದ್ದರೆ ಪುಸ್ತಕದಿಂದ ಹೆಸರೇ ಹೋಯಿತು. ಆಮೇಲೆ ಆ ಮನೆಗೆ ಮದ್ದೂ ಇಲ್ಲ, ನರ್ಸಮ್ಮನೂ ಇಲ್ಲ. ಈ ನಿಯಮ ಮಾಡಿದ ಪುಣ್ಯಾತ್ಮರು ಯಾರೋ, ಖಂಡಿತ ಮೆಟ್ಟಿಲು ಹತ್ತಿ ಇಳಿದವರಲ್ಲ.

ಮೂರನೇ ಮಹಡಿಯ ಕೊನೆಯ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರಿದ್ದರು. ಪಾದದ ಹುಣ್ಣನ್ನು ತೊಳೆದು ಕಟ್ಟುತ್ತಿರದಿದ್ದರೆ ಕಾಲನ್ನೇ ತೆಗೆಯಬೇಕಾದೀತು ಅಂತ ಡಾಕ್ಟರು ಬರೆದು ಕಳಿಸಿದ್ದರು. ನರ್ಸಮ್ಮ ಎರಡು ಸಲ ಬಂದಳು, ಎರಡು ಸಲವೂ ಬೀಗ. ಕಾಲು ಕೊಳೆಯುತ್ತಿದ್ದರೂ ಊರು ಸುತ್ತುವ ಜನ ಅಂತ ಮನಸ್ಸಲ್ಲೇ ಬೈದುಕೊಂಡು 'ಬೀ' ಬರೆದು ಇಳಿದಿದ್ದಳು.

ಇವತ್ತು ಮೂರನೆಯದು. ಸೀಮೆಸುಣ್ಣ ಚೌಕಟ್ಟಿಗೆ ತಾಗಿದ್ದೇ ತಡ, ಒಳಗಿನಿಂದ ದನಿ ಬಂತು.

"ಯಾರದು?"

ನರ್ಸಮ್ಮ ಬಾಗಿಲಿಗೆ ಕಿವಿಯಿಟ್ಟಳು. "ಅಜ್ಜಿ, ನೀವು ಒಳಗಿದ್ದೀರಾ?"

"ಇನ್ನೆಲ್ಲಿರಲಿ? ಬರ್ತೀಯ, ಕೆರೀತೀಯ, ಹೋಗ್ತೀಯ. ನಾನು ಇಲಿ ಅಂದ್ಕೊಂಡಿದ್ದೆ."

"ಕೀಲಿಕೈ ಯಾರ ಹತ್ರ ಇದೆ?"

"ಮಗಳ ಹತ್ರ. ಕೆಳಗೆ ಲಾಂಡ್ರಿಲಿ ಇಸ್ತ್ರಿ ಹಾಕ್ತಾಳೆ."

ನರ್ಸಮ್ಮ ದಡದಡ ಇಳಿದು, ಲಾಂಡ್ರಿಗೆ ಹೋಗಿ ಮಗಳನ್ನು ಎಳೆದುಕೊಂಡೇ ಬಂದಳು. ಬಾಗಿಲು ತೆಗೆದರೆ ಗಪ್ಪೆಂದು ಕೀವಿನ ವಾಸನೆ. ಅಜ್ಜಿ ಮಂಚದ ಮೇಲೆ ಕೂತು ಕಿಟಕಿಯ ಸರಳು ಹಿಡಿದಿದ್ದರು. ಕಾಲಿಗೆ ಆಸ್ಪತ್ರೆಯಲ್ಲಿ ಕಟ್ಟಿದ ಅದೇ ಬ್ಯಾಂಡೇಜು. ತಾನು ಬಾಗಿಲವರೆಗೆ ಬಂದು ಗೀಚಿ ಹೋದ ಎರಡು ದಿನವೂ ಈ ಕಾಲು ಇಲ್ಲೇ ಹೀಗೇ ಇತ್ತಲ್ಲ ಅಂತ ನರ್ಸಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಸಿಟ್ಟು ಮಾಡುವುದು ಅವಳ ಸ್ವಭಾವ.

"ಮನುಷ್ಯರನ್ನ ಒಳಗಿಟ್ಟು ಬೀಗ ಹಾಕ್ತಾರೇನಮ್ಮ? ನಾಳೆ ಬೆಂಕಿ ಬಿದ್ರೆ?"

ಮಗಳು ತಲೆ ತಗ್ಗಿಸಲಿಲ್ಲ. "ಹೋದ ತಿಂಗಳು ಬರಿಗಾಲಲ್ಲಿ ದೊಡ್ಡ ರಸ್ತೆವರೆಗೂ ಹೋಗಿದ್ರು ಸಿಸ್ಟರ್. ಮನೆ ಎಲ್ಲಿ ಅಂತ ನೆನಪಿಲ್ಲ. ಕಾಲಿಗೆ ಗಾಜು ಚುಚ್ಚಿದ್ದು ಅವತ್ತೇ. ನಾನು ಕೂತ್ರೆ ಕೆಲಸ ಹೋಗತ್ತೆ, ಹೋದ್ರೆ ಇವರು ಹೋಗ್ತಾರೆ. ಬೀಗ ಬೇಡ ಅಂದ್ರೆ ನೀವೇ ಕೂತ್ಕೊಳ್ಳಿ."

ನರ್ಸಮ್ಮ ಹಳೆಯ ಕಟ್ಟು ಬಿಚ್ಚಿ ಹುಣ್ಣು ತೊಳೆಯತೊಡಗಿದಳು. ಕೂಡಿಹಾಕಿದ್ದಾರೆ ಅಂತ ಮೇಲಿನವರಿಗೆ ಬರೆದರೆ ಅಜ್ಜಿಯನ್ನು ವೃದ್ಧರ ವಾರ್ಡಿಗೆ ಒಯ್ಯುತ್ತಾರೆ. ಎದ್ದು ಹೋಗುವವರ ಕೈಯನ್ನು ಅಲ್ಲಿ ಮಂಚಕ್ಕೆ ಕಟ್ಟುವುದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಬರೆಯದಿದ್ದರೆ, ಏನಾದರೂ ಆದ ದಿನ ಗೊತ್ತಿದ್ದೂ ಸುಮ್ಮನಿದ್ದವಳು ಇವಳೇ. ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಅಜ್ಜಿ ಅವಳ ತಲೆ ಸವರಿ, "ಎಷ್ಟು ಮೆತ್ತಗೆ ತೊಳೀತೀಯ ಮಗಳೇ" ಅಂದರು.

ಮಗಳು ಬಾಗಿಲಲ್ಲೇ ಚಡಪಡಿಸುತ್ತಿದ್ದಳು. ಕೊನೆಗೆ ಸೆರಗಿನ ತುದಿಯಿಂದ ಇನ್ನೊಂದು ಕೀಲಿಕೈ ಬಿಚ್ಚಿ ಕೊಟ್ಟಳು. "ಇದು ನಿಮ್ಮ ಹತ್ರಾನೇ ಇರ್ಲಿ. ಬಂದಾಗ ತೆಗೀರಿ, ಹೋಗುವಾಗ ಹಾಕಿ." ನರ್ಸಮ್ಮ ಬೇಡವೆನ್ನುವಷ್ಟರಲ್ಲಿ ಅವಳು ಒಂದು ಮಹಡಿ ಇಳಿದಾಗಿತ್ತು. ಬೇಡವೆಂದರೂ ಮುಂದಿನ ಸಲ ಕಟ್ಟು ಬದಲಿಸಲು ಇದೇ ಕೀಲಿಕೈ ಬೇಕು. ಕಾಲು ಉಳಿಯಬೇಕಾದರೆ ಇಟ್ಟುಕೊಳ್ಳಲೇಬೇಕು.

ಕಟ್ಟು ಮುಗಿಯಿತು. ಇನ್ನೂ ಒಂಬತ್ತು ಮನೆ ಬಾಕಿ. ನರ್ಸಮ್ಮ ನೀರಿನ ಚೊಂಬನ್ನು ಅಜ್ಜಿಯ ಕೈಗೆಟುಕುವಂತೆ ಇಟ್ಟು ಎದ್ದಳು.

"ಬಾಗಿಲು ತೆಗೆದಿಟ್ಟು ಹೋಗು. ಗಾಳಿ ಬರ್ಲಿ," ಅಂದರು ಅಜ್ಜಿ.

"ಆಯ್ತು ಅಜ್ಜಿ," ಅಂದಳು ನರ್ಸಮ್ಮ.

ಹೊರಗೆ ಬಂದು ಕದ ಎಳೆದುಕೊಂಡಳು. ಚೌಕಟ್ಟಿನ ಮೇಲಿದ್ದ ಎರಡು 'ಬೀ'ಗಳನ್ನೂ ಅರ್ಧ ಗೀಚಿದ ಮೂರನೆಯದನ್ನೂ ಅಂಗೈಯಿಂದ ಒರೆಸಿದಳು. ಆಮೇಲೆ ಅದೇ ಕೈಯಲ್ಲಿ ಬೀಗ ಹಾಕಿ, ಬಿದ್ದಿದೆಯೋ ಇಲ್ಲವೋ ಅಂತ ಜಗ್ಗಿ ನೋಡಿದಳು.

ಸದ್ದಿಗೆ ಒಳಗಿನಿಂದ ದನಿ ಬಂತು. "ಯಾರದು?"

ನರ್ಸಮ್ಮ ಉಸಿರು ಬಿಗಿಹಿಡಿದು ನಿಂತಳು.

"ಇಲಿ ಇರ್ಬೇಕು," ಅಂದರು ಅಜ್ಜಿ.